ಕಳೆ ಕೊಚ್ಚುವ ಯಂತ್ರ ನಿಂತಾಗ: ತೋಟದ ಮನೆಯಲ್ಲೇ ಮಾಡಬಹುದಾದ ದುರಸ್ತಿ

ಮುಂಗಾರು ಹಿಡಿದು ಮೂರು ವಾರ ಕಳೆಯುವಷ್ಟರಲ್ಲಿ ತೋಟದ ಹುಲ್ಲು ಮೊಣಕಾಲು ಮುಟ್ಟಿರುತ್ತದೆ. ಕಾಫಿಗೆ ಗೊಬ್ಬರ ಹಾಕಬೇಕು, ಅಡಿಕೆಗೆ ಎರಡನೆಯ ಬಾರಿ ಬೋರ್ಡೋ ಹೊಡೆಯಬೇಕು. ಆದರೆ ತೋಟದೊಳಗೆ ಕಾಲಿಡಲು ಜಾಗವಿಲ್ಲ. ಕತ್ತಿ ಹಿಡಿದು ಕಳೆ ಕೊಚ್ಚುವ ಆಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಮಳೆ ಎರಡು ದಿನ ಹೊಳವಾಗಿದೆಯೆಂದು ಯಂತ್ರವನ್ನು ಅಟ್ಟದಿಂದ ಇಳಿಸಿ ಹಗ್ಗ ಎಳೆದರೆ ಅದು ಉಸಿರೆತ್ತುವುದಿಲ್ಲ. ಪೇಟೆಗೆ ಒಯ್ದರೆ ರಿಪೇರಿ ಅಂಗಡಿಯ ಮುಂದೆ ಆಗಲೇ ಇಂಥ ಹತ್ತಾರು ಯಂತ್ರಗಳ ಸಾಲು. ‘ಮುಂದಿನ ವಾರ ಬನ್ನಿ’ ಎಂಬ ಉತ್ತರ. ವಾರ ಕಳೆಯುವಷ್ಟರಲ್ಲಿ ಮಳೆ ಮತ್ತೆ ಹಿಡಿಯುತ್ತದೆ, ಹುಲ್ಲು ಸೊಂಟಕ್ಕೆ ಬರುತ್ತದೆ. ಇದು ಸದಸ್ಯ ಬಾಂಧವರಲ್ಲಿ ಹಲವರ ಅನುಭವ, ನಮ್ಮದೂ ಹೌದು.

ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆ, ರಾಮಥಾಳದ ಸುತ್ತಿನ ಎರೆ ಹೊಲಗಳಲ್ಲಿ, ಕಳೆಗೆ ಎತ್ತಿನ ಎಡೆಕುಂಟೆ ಉಂಟು. ನೆಲ ಮಟ್ಟಸ, ಬೆಳೆ ಸಾಲು. ಅಲ್ಲಿಯ ರೈತನಿಗೆ ಕುಂಟೆಯ ದಿಂಡು, ತಾಳು, ಕುಡ, ಈಸು ಎಲ್ಲವೂ ಗೊತ್ತು. ಒಂದು ಸಡಿಲವಾದರೆ ಹೊಲದಲ್ಲೇ ಬೆಣೆ ಬಡಿದು ಕೆಲಸ ಮುಂದುವರಿಸುತ್ತಾನೆ. ನಮ್ಮ ಇಳಿಜಾರಿನ ತೋಟಗಳಲ್ಲಿ ಎತ್ತಿಗೂ ಎಡೆಯಿಲ್ಲ, ಕುಂಟೆಗೂ ಎಡೆಯಿಲ್ಲ. ಆದ್ದರಿಂದ ಹೆಗಲಿಗೆ ತೂಗು ಹಾಕುವ ಪೆಟ್ರೋಲ್ ಯಂತ್ರವನ್ನು ತಂದುಕೊಂಡಿದ್ದೇವೆ. ಆದರೆ ಆ ರೈತ ತನ್ನ ಕುಂಟೆಯನ್ನು ಬಲ್ಲಷ್ಟು ನಾವು ನಮ್ಮ ಯಂತ್ರವನ್ನು ಬಲ್ಲೆವೇ? ಅದರ ಬಹುಪಾಲು ತೊಂದರೆಗಳು ಕುಂಟೆಗೆ ಬೆಣೆ ಬಡಿಯುವಷ್ಟೇ ಸುಲಭದವು. ಅವುಗಳನ್ನು ಗುರುತಿಸುವ ಕ್ರಮವನ್ನು ಈ ಪಾಠದಲ್ಲಿ ಹೇಳುತ್ತೇವೆ. ಅಂಗಳದ ಹುಲ್ಲುಹಾಸು ಕತ್ತರಿಸುವ ಗಾಲಿಯಂತ್ರ, ಔಷಧಿ ಸಿಂಪಡಿಸುವ ಪೆಟ್ರೋಲ್ ಪಂಪು, ಗುಂಡಿ ತೋಡುವ ಯಂತ್ರ ಇವುಗಳ ಎಂಜಿನ್ನಿಗೂ ಇಲ್ಲಿಯ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ.

ಮೂರೇ ಆಹಾರ

ಎಂಜಿನ್ ನಡೆಯಲು ಮೂರು ವಸ್ತು ಬೇಕು: ಇಂಧನ, ಗಾಳಿ, ಕಿಡಿ. ಒಲೆಗೆ ಸೌದೆ, ಊದುಕೊಳವೆ, ಬೆಂಕಿಕಡ್ಡಿ ಇದ್ದ ಹಾಗೆ. ಮೂರರಲ್ಲಿ ಒಂದು ತಪ್ಪಿದರೂ ಒಲೆ ಉರಿಯದು. ಯಂತ್ರ ನಿಂತಾಗ ಈ ಮೂರನ್ನು ಇದೇ ಕ್ರಮದಲ್ಲಿ ಪರೀಕ್ಷಿಸತಕ್ಕದ್ದು. ಕ್ರಮ ಬಿಟ್ಟು ಮೊದಲೇ ಕಾರ್ಬುರೇಟರಿನ ತಿರುಪುಗಳಿಗೆ ಕೈಹಾಕುವುದು ನಮ್ಮಲ್ಲಿ ಕಾಣುವ ದೊಡ್ಡ ತಪ್ಪು. ಅಲ್ಲಿ ಅರ್ಧ ಸುತ್ತು ಹೆಚ್ಚು ಕಡಿಮೆಯಾದರೂ ಇದ್ದ ಒಂದು ತೊಂದರೆ ಎರಡಾಗುತ್ತದೆ.

ಪರೀಕ್ಷೆಗೆ ಮೊದಲು ಎರಡು ನಿಯಮ. ಒಂದು, ಬ್ಲೇಡಿನ ಬಳಿ ಅಥವಾ ಗೇರಿನ ಬಳಿ ಕೈ ಹೋಗುವ ಯಾವುದೇ ಕೆಲಸವಿರಲಿ, ಪ್ಲಗ್ಗಿನ ಟೋಪಿಯನ್ನು ಕಿತ್ತಿಟ್ಟೇ ಮಾಡಬೇಕು. ಎರಡು, ಬಿಸಿ ಎಂಜಿನ್ನಿನ ಹತ್ತಿರ ಪೆಟ್ರೋಲಿನ ಮುಚ್ಚಳ ತೆಗೆಯಕೂಡದು. ಹತ್ತು ನಿಮಿಷ ಆರಲಿ. ಬೀಡಿ ದೂರವಿರಲಿ.

ಇಂಧನ

ನಿಮ್ಮ ಯಂತ್ರ ಟೂ ಸ್ಟ್ರೋಕ್ ಅಥವಾ ಫೋರ್ ಸ್ಟ್ರೋಕ್ ಎಂಬುದನ್ನು ಮೊದಲು ತಿಳಿಯಿರಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ತುಂಬಲು ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಪಿಸ್ಟನ್ನಿಗೂ ಬೇರಿಂಗಿಗೂ ಜಾರುಗುಣ ಕೊಡುತ್ತದೆ. ಫೋರ್ ಸ್ಟ್ರೋಕಿನಲ್ಲಿ ಎಣ್ಣೆಗೆ ಪ್ರತ್ಯೇಕ ಮುಚ್ಚಳವಿರುತ್ತದೆ. ಅದರ ಟ್ಯಾಂಕಿಗೆ ಬರೀ ಪೆಟ್ರೋಲು. ಒಂದಕ್ಕೆ ಹಾಕುವುದನ್ನು ಇನ್ನೊಂದಕ್ಕೆ ಹಾಕಕೂಡದು.

ನಮ್ಮ ತೋಟದಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಹೇಳುತ್ತೇವೆ. ಬೈಕಿಗೆಂದು ತಂದಿಟ್ಟ ಪೆಟ್ರೋಲನ್ನು ಎಣ್ಣೆ ಬೆರೆಸಿದ್ದೆಂದು ತಿಳಿದು ಟೂ ಸ್ಟ್ರೋಕ್ ಯಂತ್ರಕ್ಕೆ ಸುರಿದೆವು. ಯಂತ್ರ ಮೊದಲು ಎಂದಿಗಿಂತ ಚುರುಕಾಗಿಯೇ ಓಡಿತು. ಸ್ವಲ್ಪ ಹೊತ್ತಿಗೆ ಕೀರಲು ದನಿ ತೆಗೆದು ನಿಂತಿತು. ಮತ್ತೆ ಹಗ್ಗ ಎಳೆದರೆ ಬರಲೇ ಇಲ್ಲ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಅದರ ದುರಸ್ತಿಗೆ ತಗಲುವ ಹಣಕ್ಕೆ ಇನ್ನಷ್ಟು ಸೇರಿಸಿದರೆ ಹೊಸ ಯಂತ್ರವೇ ಬರುತ್ತದೆಂದು ಮೆಕ್ಯಾನಿಕ್ ಹೇಳಿದರು. ಮನೆಯಲ್ಲಿ ಸರಿಪಡಿಸಲಾಗದ ಕಾಯಿಲೆಗಳಲ್ಲಿ ಇದು ಮೊದಲನೆಯದು, ತಪ್ಪಿಸಲು ಅತಿ ಸುಲಭವಾದದ್ದೂ ಇದೇ. ಅಂದಿನಿಂದ ಎಣ್ಣೆ ಬೆರೆಸಿದ ಡಬ್ಬಿಗೆ ಕೆಂಪು ಬಣ್ಣ ಬಳಿದು ಬೇರೆ ಗೂಟಕ್ಕೆ ತೂಗು ಹಾಕಿದ್ದೇವೆ. ಓದು ಬಾರದ ಆಳಿಗೂ ಬಣ್ಣ ಗೊತ್ತಾಗುತ್ತದೆ.

ಬೆರೆಸುವ ಪ್ರಮಾಣವನ್ನು ಯಂತ್ರದ ಕೈಪಿಡಿಯಲ್ಲಿ ಅಥವಾ ಟ್ಯಾಂಕಿನ ಮುಚ್ಚಳದ ಮೇಲೆ ಕೊಟ್ಟಿರುತ್ತಾರೆ. 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. 40ಕ್ಕೆ 1 ಎಂದಿದ್ದರೆ 25 ಮಿಲಿಲೀಟರ್. 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಕಣ್ಣಳತೆ ಬೇಡ. ಮಕ್ಕಳ ಔಷಧಿ ಬಾಟಲಿಯ ಜೊತೆ ಬರುವ ಗುರುತಿನ ಮುಚ್ಚಳ ಅಥವಾ ಹಳೆಯ ಸಿರಿಂಜು ಸಾಕು. ಎಣ್ಣೆ ಟೂ ಸ್ಟ್ರೋಕ್ ಎಣ್ಣೆಯೇ ಆಗಿರಬೇಕು. ಕಾರಿನ ಎಂಜಿನ್ ಎಣ್ಣೆ, ಅದರಲ್ಲೂ ಸುಟ್ಟ ಎಣ್ಣೆ, ಸರ್ವಥಾ ಕೂಡದು. ಮೊದಲು ಡಬ್ಬಿಗೆ ಅರ್ಧ ಪೆಟ್ರೋಲು, ಆಮೇಲೆ ಎಣ್ಣೆ, ಕುಲುಕಿ ಉಳಿದ ಪೆಟ್ರೋಲು. ಟ್ಯಾಂಕಿಗೆ ಸುರಿಯುವ ಮುನ್ನ ಪ್ರತಿ ಸಲವೂ ಕುಲುಕಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಪೆಟ್ರೋಲು ತುಂಬಿಡಬೇಡಿ; ಮಕ್ಕಳಿರುವ ಮನೆಯಲ್ಲಿ ಇದು ವಿಷ ತೆರೆದಿಟ್ಟ ಹಾಗೆ.

ಇಂದಿನ ಪೆಟ್ರೋಲಿನ ಬಗೆಗೆ ಒಂದು ಮಾತು ಅವಶ್ಯ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರ ಫೆಬ್ರವರಿಯಲ್ಲಿ ನಮ್ಮ ದೇಶದಲ್ಲಿ ಆರಂಭವಾಯಿತು. 2025ರ ಹೊತ್ತಿಗೆ ಅದೇ ಸಾಮಾನ್ಯವಾಯಿತು. ಎಥನಾಲಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವೇ? ಅರ್ಧ ತುಂಬಿದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ನೀರೂ ಎಥನಾಲೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಇಂಧನ ಹೀರುವುದು ತಳದಿಂದಲೇ. ಆ ನೀರಿನ ಪದರದಲ್ಲಿ ಎಣ್ಣೆಯ ಅಂಶವಿರುವುದಿಲ್ಲ. ಜೊತೆಗೆ ಹಳೆಯ ಯಂತ್ರಗಳ ರಬ್ಬರ್ ಕೊಳವೆಯೂ ಕಾರ್ಬುರೇಟರಿನೊಳಗಿನ ತೆಳು ಪೊರೆಯೂ ಎಥನಾಲಿನಿಂದ ಉಬ್ಬಿ ಗಡಸಾಗುವುದುಂಟು. ಅಟ್ಟದಿಂದ ಇಳಿಸಿದ ಯಂತ್ರ ಚಾಲೂ ಆಗದಿದ್ದರೆ ಮೊದಲ ಸಂಶಯ ಹಳೆಯ ಪೆಟ್ರೋಲಿನ ಮೇಲಿರಲಿ. ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು ನೋಡಿ. ಎರಡು ಪದರ ಕಂಡರೆ, ಅಥವಾ ವಾರ್ನಿಷಿನಂಥ ವಾಸನೆ ಬಂದರೆ, ಅದನ್ನು ತೆಗೆದು ಹೊಸದಾಗಿ ಬೆರೆಸಿದ್ದನ್ನು ಹಾಕಿ. ಬೆರೆಸಿದ ಇಂಧನವನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ವಾರಕ್ಕೆ ಬೇಕಾದಷ್ಟನ್ನೇ ಬೆರೆಸುವುದು ಉತ್ತಮ.

ಇಂಧನ ಹೊಸದು, ಆದರೂ ಎಂಜಿನ್ನಿಗೆ ತಲುಪುತ್ತಿಲ್ಲವೇ? ಟ್ಯಾಂಕಿನೊಳಗೆ ಕೊಳವೆಯ ತುದಿಗೆ ಬೆರಳಿನ ಗೆಣ್ಣಿನಷ್ಟು ದಪ್ಪದ ಸೋಸುಕ ಇರುತ್ತದೆ. ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಮುಚ್ಚಳದ ಬಾಯಿಂದ ಅದನ್ನು ಮೇಲೆತ್ತಿ. ಕಪ್ಪಗೆ ಮುಚ್ಚಿಹೋಗಿದ್ದರೆ ಬದಲಿಸಿ, ಬೆಲೆ ಅಲ್ಪ. ಕೊಳವೆ ಬಿರುಕು ಬಿಟ್ಟಿದೆಯೇ, ಇಲಿ ಕಡಿದಿದೆಯೇ ನೋಡಿ. ಪೆಟ್ರೋಲ್ ಏರಿಸಲು ಒತ್ತುವ ಪಾರದರ್ಶಕ ಗುಳ್ಳೆಯಲ್ಲಿ ಬಿರುಕಿದ್ದರೆ ಅದು ಇಂಧನದ ಬದಲು ಗಾಳಿಯನ್ನೇ ಎಳೆಯುತ್ತದೆ.

ಗಾಳಿ

ಗಾಳಿ ಸೋಸುವ ಸ್ಪಂಜು ಎಂಜಿನ್ನಿನ ಮೂಗು ಇದ್ದ ಹಾಗೆ. ಹುಲ್ಲಿನ ಪುಡಿ, ಧೂಳು, ಎಣ್ಣೆಜಿಡ್ಡು ಸೇರಿ ಅದು ಕಟ್ಟಿಕೊಂಡರೆ ಯಂತ್ರಕ್ಕೆ ಗಾಳಿ ಕಡಿಮೆ, ಇಂಧನ ಹೆಚ್ಚು. ಆಗ ಕಪ್ಪು ಹೊಗೆ ಬರುತ್ತದೆ, ಪೆಟ್ರೋಲು ಬೇಗ ಮುಗಿಯುತ್ತದೆ, ಶಕ್ತಿ ಕುಂದುತ್ತದೆ. ಸ್ಪಂಜನ್ನು ಸಾಬೂನಿನ ನೀರಿನಲ್ಲಿ ಹಿಂಡಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಕೈಪಿಡಿ ಹೇಳಿದ್ದರೆ ಎರಡು ಹನಿ ಎಣ್ಣೆ ಹಾಕಿ ಹಿಂಡಿ ಕೂರಿಸಿ. ಕಾಗದದ ಸೋಸುಕವಾದರೆ ತೊಳೆಯಕೂಡದು. ಮೆಲ್ಲನೆ ತಟ್ಟಿ ಧೂಳು ಕೊಡವಿ, ತೀರ ಕೆಟ್ಟಿದ್ದರೆ ಬದಲಿಸಿ. ಕೆಲಸವಿರುವ ದಿನಗಳಲ್ಲಿ ಪ್ರತಿ ಸಂಜೆ ಸೋಸುಕವನ್ನು ನೋಡುವುದು ಹಾಲು ಕರೆದ ಮೇಲೆ ಪಾತ್ರೆ ತೊಳೆದಂತೆ ರೂಢಿಯಾಗಬೇಕು. ಸೋಸುಕ ತೆಗೆದಿಟ್ಟು ಯಂತ್ರ ಓಡಿಸುವವರುಂಟು. ಒಂದು ದಿನದ ಕೆಲಸ ಸಾಗೀತು, ಆದರೆ ಒಳಹೋದ ಧೂಳು ಸಿಲಿಂಡರನ್ನು ಅರದಂತೆ ತಿಕ್ಕುತ್ತದೆ.

ಗಾಳಿಗೆ ಇನ್ನೊಂದು ದಾರಿ ಇದೆ, ಅದನ್ನು ಹಲವರು ಮರೆಯುತ್ತಾರೆ. ಯಂತ್ರ ಸರಿಯಾಗಿ ಚಾಲೂ ಆಗುತ್ತದೆ, ಹತ್ತು ಹದಿನೈದು ನಿಮಿಷ ಓಡಿ ತಾನಾಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಈ ಲಕ್ಷಣ ಕಂಡರೆ ಟ್ಯಾಂಕಿನ ಮುಚ್ಚಳವನ್ನು ನೋಡಿ. ಪೆಟ್ರೋಲು ಕಡಿಮೆಯಾದ ಜಾಗಕ್ಕೆ ಗಾಳಿ ಬರಲು ಮುಚ್ಚಳದಲ್ಲಿ ಅಥವಾ ಟ್ಯಾಂಕಿನ ಪಕ್ಕದಲ್ಲಿ ಸಣ್ಣ ಉಸಿರುದಾರಿ ಇರುತ್ತದೆ. ಅದು ಕಟ್ಟಿದರೆ ಇಂಧನ ಮೇಲೇರುವುದಿಲ್ಲ. ಯಂತ್ರ ನಿಂತ ಮೇಲೆ ಆರಲು ಬಿಟ್ಟು ಮುಚ್ಚಳ ಸಡಿಲಿಸಿ. ‘ಸುಂಯ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಕಾಯಿಲೆ ಸಿಕ್ಕಿತೆಂದೇ ಅರ್ಥ. ತೂತನ್ನು ಶುಚಿಮಾಡಿದರೆ ಆಯಿತು. ಈ ತೊಂದರೆಗಾಗಿ ನಾವು ಒಂದೇ ಹಂಗಾಮಿನಲ್ಲಿ ಎರಡು ಸಲ ಪೇಟೆಗೆ ಹೋದದ್ದಿದೆ. ಅಂಗಡಿಯಲ್ಲಿ ಐದು ನಿಮಿಷ ಓಡಿಸಿ ತೋರಿಸಿದಾಗ ಯಂತ್ರ ಚೆನ್ನಾಗಿಯೇ ಇರುತ್ತಿತ್ತು!

ಕಿಡಿ

ಪ್ಲಗ್ಗು ಎಂಜಿನ್ನಿನ ನಾಲಗೆ. ವೈದ್ಯರು ನಾಲಗೆ ನೋಡಿ ಹೊಟ್ಟೆಯ ಸ್ಥಿತಿ ಹೇಳುವಂತೆ ಪ್ಲಗ್ಗಿನ ತುದಿ ನೋಡಿ ಒಳಗಿನ ಸ್ಥಿತಿ ತಿಳಿಯಬಹುದು.

1. ಕಂದುಬಣ್ಣ, ಒಣಗಿದ ತುದಿ: ಎಲ್ಲವೂ ಸರಿ.
2. ಕಪ್ಪು ಮಸಿ, ಜಿಡ್ಡು: ಎಣ್ಣೆ ಹೆಚ್ಚಾಗಿದೆ ಅಥವಾ ಗಾಳಿಯ ಸೋಸುಕ ಕಟ್ಟಿದೆ.
3. ಪೆಟ್ರೋಲಿನಿಂದ ಒದ್ದೆ: ಇಂಧನ ತುಂಬಿಹೋಗಿದೆ ಅಥವಾ ಕಿಡಿ ಹಾರುತ್ತಿಲ್ಲ.
4. ಪೂರ್ತಿ ಒಣ, ಪೆಟ್ರೋಲಿನ ವಾಸನೆಯೇ ಇಲ್ಲ: ಇಂಧನ ಬರುತ್ತಿಲ್ಲ.
5. ಸುಣ್ಣದಂತೆ ಬಿಳುಪು: ಎಂಜಿನ್ ಅತಿಯಾಗಿ ಕಾಯುತ್ತಿದೆ. ಎಣ್ಣೆಯ ಪ್ರಮಾಣ ನೋಡಿ. ಎಲ್ಲಿಂದಲೋ ಹೆಚ್ಚಿನ ಗಾಳಿ ಸೇರುತ್ತಿರಲೂಬಹುದು. ಹೀಗೆಯೇ ಓಡಿಸಬೇಡಿ.

ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಪೆಟ್ರೋಲು ತಾಗಿಸಿ ತೆಗೆದು ಒರೆಸಿ. ತುದಿಯ ಎರಡು ಲೋಹಗಳ ನಡುವಿನ ಅಂತರ ಸಾಮಾನ್ಯವಾಗಿ 0.5ರಿಂದ 0.7 ಮಿಲಿಮೀಟರ್ ಇರಬೇಕು. ನಿಮ್ಮ ಯಂತ್ರಕ್ಕೆ ಎಷ್ಟೆಂಬುದು ಕೈಪಿಡಿಯಲ್ಲಿರುತ್ತದೆ. ಕಿಡಿ ಪರೀಕ್ಷೆಗೆ ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಸ್ವಿಚ್ಚು ಹಾಕಿ ಹಗ್ಗ ಎಳೆಯಬೇಕು. ನೆರಳಿನಲ್ಲಿ ನೀಲಿ ಕಿಡಿ ಕಾಣಬೇಕು. ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿ ಚಿಮ್ಮುವುದರಿಂದ ಕಿಡಿಯನ್ನು ಆ ತೂತಿನಿಂದ ದೂರದಲ್ಲಿ ಹಿಡಿಯಿರಿ, ಚೆಲ್ಲಿದ ಪೆಟ್ರೋಲನ್ನು ಮೊದಲೇ ಒರೆಸಿ. ಕಿಡಿ ಇಲ್ಲದಿದ್ದರೆ ಹೊಸ ಪ್ಲಗ್ಗು ಹಾಕಿ ನೋಡಿ. ಆಗಲೂ ಇಲ್ಲದಿದ್ದರೆ ಸ್ವಿಚ್ಚಿನ ತಂತಿ ಸುಲಿದು ಲೋಹಕ್ಕೆ ತಾಗಿದೆಯೇ ಪರೀಕ್ಷಿಸಿ. ಅದೂ ಸರಿಯಿದ್ದರೆ ಕಾಯಿಲಿನ ತೊಂದರೆ. ಅದು ಮೆಕ್ಯಾನಿಕ್ಕಿನ ಕೆಲಸ.

ಚೋಕ್ ಹಾಕಿ ಹಗ್ಗ ಎಳೆದೂ ಎಳೆದೂ ಎಂಜಿನ್ ಪೆಟ್ರೋಲು ಕುಡಿದು ಕುಳಿತಿದ್ದರೆ ಹೀಗೆ ಮಾಡಿ. ಸ್ವಿಚ್ಚು ಆರಿಸಿ, ಚೋಕ್ ತೆಗೆದು, ಪ್ಲಗ್ಗು ಬಿಚ್ಚಿ, ತೂತು ಕೆಳಮುಖವಾಗಿರುವಂತೆ ಹಿಡಿದು ಹಗ್ಗವನ್ನು ಏಳೆಂಟು ಸಲ ಎಳೆಯಿರಿ. ಪ್ಲಗ್ಗು ಒರೆಸಿ, ಕಾಲು ಗಂಟೆ ಆರಲು ಬಿಟ್ಟು, ಮೊದಲು ಕೈಯಿಂದಲೇ ಮರೆ ಕೂರಿಸಿ ಆಮೇಲೆ ಸ್ಪ್ಯಾನರಿನಿಂದ ಬಿಗಿಯಿರಿ. ನೇರ ಸ್ಪ್ಯಾನರ್ ಹಾಕಿದರೆ ಮರೆ ಅಡ್ಡವಾಗಿ ಕೊರೆದು ಸಿಲಿಂಡರೇ ಹಾಳಾದೀತು.

ಓಡುತ್ತದೆ, ಆದರೆ ಬಲವಿಲ್ಲ

ಮೂರೂ ಸರಿಯಿದ್ದು ಯಂತ್ರ ದಪ್ಪ ಹುಲ್ಲಿಗೆ ಸೋಲುತ್ತಿದ್ದರೆ ಸೈಲೆನ್ಸರ್ ನೋಡಿ. ಹೊಗೆ ಹೊರಬರುವಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಕೆಲವು ಯಂತ್ರಗಳಲ್ಲಿದೆ. ಎಣ್ಣೆ ಹೆಚ್ಚು ಬೆರೆಸುವವರ ಯಂತ್ರದಲ್ಲಿ ಅದು ಬೇಗ ಮಸಿ ಕಟ್ಟುತ್ತದೆ. ‘ಎಣ್ಣೆ ಹೆಚ್ಚಾದರೆ ಒಳ್ಳೆಯದೇ’ ಎಂಬ ನಂಬಿಕೆ ತಪ್ಪೆಂಬುದಕ್ಕೆ ಇದೇ ಸಾಕ್ಷಿ. ಎಂಜಿನ್ ತಣ್ಣಗಾದ ಮೇಲೆ ಜಾಲರಿ ಬಿಚ್ಚಿ ತಂತಿ ಬ್ರಷ್ಷಿನಿಂದ ಉಜ್ಜಿ ಮತ್ತೆ ಕೂರಿಸಿ. ಒಣಹುಲ್ಲಿನ ಕಾಲದಲ್ಲಿ ಜಾಲರಿಯಿಲ್ಲದೆ ಓಡಿಸಿದರೆ ಬೆಂಕಿಯ ಭಯವುಂಟು.

ಸಿಲಿಂಡರಿನ ಮೈಮೇಲೆ ಗರಿಗರಿಯಾಗಿ ಕಾಣುವ ಲೋಹದ ಹಾಳೆಗಳು ಎಂಜಿನ್ನನ್ನು ತಂಪಾಗಿಡುತ್ತವೆ. ಅವುಗಳ ನಡುವೆ ಹುಲ್ಲು ಸೇರಿ ಗಟ್ಟಿಯಾದರೆ ಎಂಜಿನ್ ಕಾದು ಕುಸಿಯುತ್ತದೆ. ಬಿದಿರಿನ ಕಡ್ಡಿಯಿಂದ ಬಿಡಿಸಿ ಬ್ರಷ್ಷಿನಿಂದ ಒರೆಸಿ. ನೀರು ಹೊಡೆಯಬೇಡಿ.

ಎಂಜಿನ್ ಸರಿಯಾಗಿ ಓಡಿಯೂ ಬ್ಲೇಡು ತಿರುಗದಿದ್ದರೆ ಕ್ಲಚ್ಚು ಸವೆದಿದೆ ಅಥವಾ ಕೊಳವೆಯೊಳಗಿನ ಉದ್ದ ಸರಳು ಕಳಚಿದೆ. ಇದಕ್ಕೆ ವಿರುದ್ಧವಾಗಿ, ವೇಗದ ಗುಂಡಿ ಬಿಟ್ಟ ಮೇಲೂ ಬ್ಲೇಡು ತಿರುಗುತ್ತಲೇ ಇದ್ದರೆ ನಿಧಾನ ಓಟದ ತಿರುಪನ್ನು ಸ್ವಲ್ಪ ಸಡಿಲಿಸಿ. ಕಾರ್ಬುರೇಟರಿನಲ್ಲಿ ಮನೆಯಲ್ಲಿ ಮುಟ್ಟಬಹುದಾದ ತಿರುಪು ಇದೊಂದೇ. ಇದಕ್ಕೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ಮುರಿದಿರುತ್ತದೆ. ಅಂಥ ಯಂತ್ರವನ್ನು ಹೆಗಲಿಗೆ ಏರಿಸಲೇಬೇಡಿ.

ಹಗ್ಗ ತುಂಡಾದರೆ

ಹಗ್ಗ ಹರಿಯುವುದು ಯಾವಾಗಲೂ ಕೆಲಸದ ನಡುವೆಯೇ. ಮೂರು ನಾಲ್ಕು ತಿರುಪು ಬಿಚ್ಚಿದರೆ ಹಗ್ಗದ ಪೆಟ್ಟಿಗೆ ಹೊರಬರುತ್ತದೆ. ಒಳಗಿನ ರಾಟೆಯನ್ನು ಮೇಲೆತ್ತಬೇಡಿ. ಅದರಡಿ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ ಇದ್ದು ಮುಖಕ್ಕೆ ಚಿಮ್ಮೀತು. ಹಳೆಯ ಹಗ್ಗದ ದಪ್ಪದ್ದೇ, ಅಂದರೆ ಸುಮಾರು 3ರಿಂದ 4 ಮಿಲಿಮೀಟರಿನ, ನೈಲಾನ್ ಹಗ್ಗವನ್ನು ಅದೇ ಅಳತೆಗೆ ಕತ್ತರಿಸಿ ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿ. ರಾಟೆಯನ್ನು ಹಗ್ಗ ಎಳೆದಾಗ ತಿರುಗುವ ದಿಕ್ಕಿಗೇ ಎರಡು ಮೂರು ಸುತ್ತು ತಿರುಗಿಸಿ ಬಿಗಿ ಕೊಟ್ಟು, ಹಗ್ಗ ತೂರಿಸಿ ಗಂಟು ಹಾಕಿ, ಇನ್ನೊಂದು ತುದಿಗೆ ಹಿಡಿ ಕಟ್ಟಿ ಮೆಲ್ಲನೆ ಬಿಟ್ಟರೆ ಹಗ್ಗ ತಾನೇ ಸುತ್ತಿಕೊಳ್ಳುತ್ತದೆ. ಹಗ್ಗ ಹೆಚ್ಚು ಬಾಳಬೇಕಾದರೆ ನೇರವಾಗಿ ಎಳೆಯಬೇಕು, ಹಿಂದಕ್ಕೆ ಹೋಗುವಾಗ ಕೈಬಿಡದೆ ಬಿಡಬೇಕು.

ಕತ್ತರಿಸುವ ತುದಿ

ನೈಲಾನ್ ದಾರ ತಿರುಗಿಸಿ ಹುಲ್ಲು ಕತ್ತರಿಸುವ ಉಪಾಯ 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬವರದು. ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ಕಂಡು ಅವರಿಗೆ ಇದು ಹೊಳೆಯಿತು. ಮರದ ಬುಡಕ್ಕೆ ಪೆಟ್ಟಾಗದಂತೆ ಹುಲ್ಲು ತೆಗೆಯಬೇಕೆಂಬುದೇ ಅವರ ಉದ್ದೇಶವಾಗಿತ್ತು. ದಾರ ಪದೇ ಪದೇ ತುಂಡಾಗುತ್ತಿದ್ದರೆ ಅದು ಒಣಗಿ ಗಡಸಾಗಿದೆ ಎಂದರ್ಥ. ರಾತ್ರಿ ನೀರಿನಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿ ಬಾಗುವ ಗುಣ ಮರಳಿ ಪಡೆಯುತ್ತದೆ. ಎರಡೂ ಬದಿಯ ದಾರ ಸಮ ಉದ್ದವಿರಲಿ, ಸುತ್ತುವಾಗ ಬಾಣದ ಗುರುತಿನ ದಿಕ್ಕು ತಪ್ಪದಿರಲಿ.

ಬ್ಲೇಡು ಬಿಚ್ಚುವಾಗ ಹೆಚ್ಚಿನವರು ಎಡವುತ್ತಾರೆ. ಇಂಥ ಬಹುತೇಕ ಯಂತ್ರಗಳ ಬ್ಲೇಡಿನ ನಟ್ಟಿಗೆ ತಿರುಗುಮರೆ ಇರುತ್ತದೆ. ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅರಿಯದೆ ಇನ್ನೊಂದು ದಿಕ್ಕಿಗೆ ಬಲಹಾಕಿ ನಟ್ಟನ್ನು ಹಾಳುಮಾಡಿಕೊಂಡವರು ನಮ್ಮಲ್ಲೇ ಇದ್ದಾರೆ. ಗೇರಿನ ತಲೆಯಲ್ಲಿರುವ ತೂತಿಗೆ ಸರಳು ತೂರಿಸಿದರೆ ಬ್ಲೇಡು ತಿರುಗದೆ ನಿಲ್ಲುತ್ತದೆ. ಎಲ್ಲ ಹಲ್ಲುಗಳಿಗೂ ಸಮಸಮವಾಗಿ ಅರ ಹಾಕಿ. ಒಂದು ಬದಿ ಹೆಚ್ಚು ಸವೆದರೆ ಯಂತ್ರ ನಡುಗಿ ಕೈ ಜೋಮು ಹಿಡಿಯುತ್ತದೆ. ಬಿರುಕು ಬಿಟ್ಟ ಬ್ಲೇಡಿಗೆ ಬೆಸುಗೆ ಹಾಕಿಸಕೂಡದು, ಎಸೆಯಬೇಕು. ಸುಮಾರು 25 ಗಂಟೆ ಕೆಲಸಕ್ಕೊಮ್ಮೆ ಗೇರಿನ ತಲೆಯ ಬೋಲ್ಟು ಬಿಚ್ಚಿ ಗ್ರೀಸು ನೋಡಿ ಕಡಿಮೆಯಿದ್ದಷ್ಟು ತುಂಬಿ. ಗೇರು ಮುಟ್ಟಲಾಗದಷ್ಟು ಕಾಯುತ್ತಿದ್ದರೆ ಗ್ರೀಸು ಮುಗಿದಿರುವ ಸಂಭವವೇ ಹೆಚ್ಚು.

ಗಿಡಕ್ಕೂ ಕೊಳವೆಗೂ ಗಾಯವಾಗದಿರಲಿ

ಯಂತ್ರ ಸರಿಯಿದ್ದು ತೋಟ ಹಾಳಾದರೆ ಪ್ರಯೋಜನವೇನು? ಅಡಿಕೆ ಮರದ ಕಾಂಡಕ್ಕೆ ಹಲಸು ಮಾವುಗಳಂತೆ ತೊಗಟೆ ಬೆಳೆದು ಗಾಯ ಮುಚ್ಚುವ ಶಕ್ತಿ ಇಲ್ಲ. ಇಂದು ಆದ ಗಾಯ ಮರ ಇರುವವರೆಗೂ ಇರುತ್ತದೆ. ಎಳೆಯ ಕಾಫಿ ಗಿಡದ ತೊಗಟೆಯನ್ನು ನೈಲಾನ್ ದಾರವೂ ಸುತ್ತಲೂ ಸುಲಿದುಬಿಡಬಲ್ಲದು. ಹಾಗೆ ಸುಲಿದ ಗಿಡ ಉಳಿಯುವುದಿಲ್ಲ. ಆದ್ದರಿಂದ ಬುಡದ ಸುತ್ತ ಒಂದೂವರೆ ಅಡಿಯನ್ನು ಕೈಗತ್ತಿಗೇ ಬಿಡಿ. ಕೊಚ್ಚಿದ ಹುಲ್ಲನ್ನು ಆ ಬುಡಕ್ಕೇ ಮುಚ್ಚಿಗೆಯಾಗಿ ಹಾಕಿ. ಇಳಿಜಾರಿನಲ್ಲಿ ನೆಲಕ್ಕೆ ತಾಗುವಂತೆ ಹೆರೆಯದೆ ಎರಡು ಮೂರು ಅಂಗುಲ ಬಿಟ್ಟು ಕೊಚ್ಚಿದರೆ ಬೇರು ಮಣ್ಣನ್ನು ಹಿಡಿದಿರುತ್ತದೆ, ಬ್ಲೇಡಿಗೆ ಕಲ್ಲೂ ತಾಗುವುದಿಲ್ಲ.

ಹನಿ ನೀರಾವರಿ ಇರುವ ತೋಟದಲ್ಲಿ ಕಳೆಯೊಳಗೆ ಹುದುಗಿದ ಕೊಳವೆ ಕತ್ತರಿಸಿಹೋಗುವುದು ನಿತ್ಯದ ದೂರು. ಮೇಲೆ ಹೇಳಿದ ರಾಮಥಾಳದ ಸುತ್ತ 24,000 ಹೆಕ್ಟೇರಿಗೆ ಹನಿ ನೀರು ಕೊಡುವ ದೊಡ್ಡ ಯೋಜನೆ ರೂಪುಗೊಂಡಿತು. ನಾರಾಯಣಪುರ ಜಲಾಶಯದ ಹಿನ್ನೀರು ಅದಕ್ಕೆ ಮೂಲ. ಯೋಜನೆ ದೊಡ್ಡದಿರಲಿ, ನಮ್ಮ ಎರಡೆಕರೆಯದಿರಲಿ, ಕೊನೆಗೆ ಗಿಡಕ್ಕೆ ನೀರು ಮುಟ್ಟಿಸುವುದು ಬೆರಳುಗಾತ್ರದ ತೆಳು ಕೊಳವೆ. ಕೊಚ್ಚುವ ಹಿಂದಿನ ದಿನ ಕೊಳವೆಗಳನ್ನು ಮರದ ಸಾಲಿನ ಬುಡಕ್ಕೆ ಸರಿಸಿ, ಸರಿಸಲಾಗದಲ್ಲಿ ಬಿಳಿ ಬಟ್ಟೆ ಕಟ್ಟಿದ ಗೂಟ ನೆಡಿ. 16 ಮಿಲಿಮೀಟರ್ ಕೊಳವೆಗೆ ಹೊಂದುವ ನಾಲ್ಕಾರು ಜಾಯಿನರ್ ಮನೆಯಲ್ಲಿರಲಿ. ತುಂಡಾದಲ್ಲಿ ನೇರವಾಗಿ ಕತ್ತರಿಸಿ, ಒಳಸೇರಿದ ಮಣ್ಣು ಹೋಗುವಷ್ಟು ನೀರು ಹಾಯಿಸಿ, ಆಮೇಲೆ ಜೋಡಿಸಿ.

ಮನುಷ್ಯನ ದುರಸ್ತಿ ಆಗದು

ನೆರೆಯ ತೋಟದಲ್ಲಿ ಯಂತ್ರ ಹಿಡಿದಿದ್ದ ಒಬ್ಬ ಯುವಕನ ಕಣ್ಣಿಗೆ ಬ್ಲೇಡಿನಿಂದ ಚಿಮ್ಮಿದ ಕಲ್ಲಿನ ಚೂರು ಬಡಿಯಿತು. ಆ ಕಣ್ಣಿನ ದೃಷ್ಟಿ ಮರಳಲಿಲ್ಲ. ಕನ್ನಡಕ ಯಂತ್ರದ ಜೊತೆ ಬಂದಿತ್ತು. ಬೆವರಿಗೆ ಮಂಜು ಕವಿಯುತ್ತದೆಂದು ಮನೆಯ ಗೂಟದಲ್ಲೇ ನೇತಾಡುತ್ತಿತ್ತು. ಮಂಜು ಕವಿಯುವ ಕನ್ನಡಕಕ್ಕಿಂತ ತಂತಿಜಾಲರಿಯ ಮುಖವಾಡ ನಮ್ಮ ಸೆಕೆಗೆ ಒಗ್ಗುತ್ತದೆ. ಆದರೆ ಸಣ್ಣ ಚೂರು ಜಾಲರಿಯಲ್ಲಿ ನುಸುಳುವುದರಿಂದ ಅದರೊಳಗೆ ಕನ್ನಡಕವೂ ಇರಬೇಕು. ಐದು ನಿಮಿಷಕ್ಕೊಮ್ಮೆ ಒರೆಸಿಕೊಂಡರೇನು ನಷ್ಟ? ಮೊಣಕಾಲಿನವರೆಗಿನ ಗಂಬೂಟು, ದಪ್ಪ ಪ್ಯಾಂಟು, ಕಿವಿಗೆ ಮುಚ್ಚಳ ಇರಲಿ. ಬ್ಲೇಡಿನ ಹಿಂದಿನ ರಕ್ಷಣಾ ತಟ್ಟೆಯನ್ನು ತೆಗೆಯಬೇಡಿ. ಓಡುವ ಯಂತ್ರದಿಂದ 50 ಅಡಿಯೊಳಗೆ ಯಾರೂ ಬರಕೂಡದು, ಮಕ್ಕಳಂತೂ ಸರ್ವಥಾ ಕೂಡದು. ಆಳಿನ ಕೈಗೆ ಯಂತ್ರ ಕೊಡುವವರು ಕನ್ನಡಕವನ್ನೂ ಕೊಡಬೇಕು. ಹಾಕಿಕೊಂಡಿದ್ದಾನೆಯೇ ಎಂದು ನೋಡುವುದೂ ತೋಟದ ಯಜಮಾನನ ಕರ್ತವ್ಯ. ಯಂತ್ರದ ಎಲ್ಲ ಭಾಗಕ್ಕೂ ಬಿಡಿಭಾಗ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ.

ಹಂಗಾಮು ಮುಗಿದ ಮೇಲೆ

ಯಂತ್ರ ಕೆಲಸದಿಂದ ಕೆಡುವುದಕ್ಕಿಂತ ಸುಮ್ಮನೆ ಇಟ್ಟು ಕೆಡುವುದೇ ಹೆಚ್ಚು ಎಂಬುದು ನಮ್ಮ ಅನುಭವ. ಅಟ್ಟಕ್ಕೆ ಏರಿಸುವ ಮುನ್ನ ಈ ಕ್ರಮ ಅನುಸರಿಸಿ.

1. ಟ್ಯಾಂಕಿನ ಇಂಧನ ಪೂರ್ತಿ ಖಾಲಿ ಮಾಡಿ.
2. ಬಯಲಿನಲ್ಲಿಟ್ಟು ಚಾಲೂ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ಎಂಜಿನ್ ತಾನಾಗಿ ನಿಲ್ಲಲಿ.
3. ಎಂಜಿನ್ ಆರಿದ ಮೇಲೆ ಪ್ಲಗ್ಗು ಬಿಚ್ಚಿ ಅರ್ಧ ಚಮಚ ಟೂ ಸ್ಟ್ರೋಕ್ ಎಣ್ಣೆ ಬಿಟ್ಟು, ಸ್ವಿಚ್ಚು ಆರಿಸಿಯೇ ಹಗ್ಗವನ್ನು ಎರಡು ಸಲ ಮೆಲ್ಲನೆ ಎಳೆದು, ಪ್ಲಗ್ಗು ಕೂರಿಸಿ.
4. ಗಾಳಿಯ ಸೋಸುಕ ತೊಳೆದು ಒಣಗಿಸಿ ಕೂರಿಸಿ. ಬ್ಲೇಡಿಗೆ ಎಣ್ಣೆ ಸವರಿ.
5. ಇಲಿ ತಲುಪದಂತೆ, ಒಲೆಯಿಂದ ದೂರದಲ್ಲಿ ತೂಗು ಹಾಕಿ.

ಮನೆಯಲ್ಲಿರಬೇಕಾದ ಸಾಮಾನು ಹೆಚ್ಚೇನೂ ಇಲ್ಲ: ಪ್ಲಗ್ಗಿನ ಸ್ಪ್ಯಾನರ್, ತಿರುಪುಳಿ, ಆಲನ್ ಕೀಗಳು, ಚಪ್ಪಟೆ ಅರ, ತಂತಿ ಬ್ರಷ್ಷು, ಒಂದು ಹೊಸ ಪ್ಲಗ್ಗು, ಒಂದು ಇಂಧನ ಸೋಸುಕ, ಎರಡು ಮೊಳ ನೈಲಾನ್ ಹಗ್ಗ, ಗ್ರೀಸಿನ ಟ್ಯೂಬು. ಇವೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಹಿಡಿಸುತ್ತವೆ.

ಮೆಕ್ಯಾನಿಕ್ಕಿನ ಬಳಿ ಹೋಗಲೇಬೇಕಾದ ಸಂದರ್ಭಗಳನ್ನೂ ತಿಳಿದಿರಬೇಕು. ಹಗ್ಗ ಬಿಗಿಯಾಗಿ ಬರಲೇ ಇಲ್ಲವೆಂದರೆ ಪಿಸ್ಟನ್ ಕಚ್ಚಿದೆ. ಹಗ್ಗ ತೀರ ಸಡಿಲವಾಗಿ, ಒಳಗೆ ಗಾಳಿಯ ಒತ್ತಡವೇ ಇಲ್ಲದಂತೆ ಬಂದರೆ ಪಿಸ್ಟನ್ ಬಳೆ ಸವೆದಿದೆ. ಹೊಸ ಪ್ಲಗ್ಗಿಗೂ ಕಿಡಿ ಬಾರದಿದ್ದರೆ ಕಾಯಿಲು. ಹೊಸ ಇಂಧನ, ಶುಚಿ ಸೋಸುಕ ಇದ್ದೂ ಪ್ಲಗ್ಗು ಒಣಗಿಯೇ ಇದ್ದರೆ ಕಾರ್ಬುರೇಟರಿನ ಪೊರೆ. ಹೀಗೆ ಪರೀಕ್ಷಿಸಿ ಹೋದವರು ‘ಯಂತ್ರ ಕೆಟ್ಟಿದೆ, ನೋಡಿ’ ಎನ್ನುವುದಿಲ್ಲ. ‘ಕಿಡಿ ಇದೆ, ಪೆಟ್ರೋಲು ಏರುತ್ತಿಲ್ಲ’ ಎನ್ನುತ್ತಾರೆ. ಅವರ ಕೆಲಸ ಬೇಗ ಆಗುತ್ತದೆ, ಬೇಡದ ಭಾಗಗಳ ಬದಲಾವಣೆಯೂ ತಪ್ಪುತ್ತದೆ.

ಈ ಹಾಳೆಯನ್ನು ಕತ್ತರಿಸಿ ಯಂತ್ರ ತೂಗು ಹಾಕುವ ಗೂಟದ ಬಳಿ ಅಂಟಿಸಿಡಿ. ಮುಂದಿನ ಸಲ ಹಗ್ಗ ಎಳೆದು ಯಂತ್ರ ಉಸಿರೆತ್ತದಿದ್ದಾಗ ಪೇಟೆಯ ದಾರಿ ಹಿಡಿಯುವ ಮುನ್ನ ಅರ್ಧ ಗಂಟೆ ಇದರೊಡನೆ ಕಳೆಯಿರಿ. ಮಳೆ ಕೊಟ್ಟ ಹೊಳವು ಕೈತಪ್ಪದೆ ಉಳಿದೀತು.